ಎಷ್ಟು ಪಿಪಿಎಂ ಅನ್ನುವುದಕ್ಕೂ ಮೊದಲು

ದ್ರಾಕ್ಷಿಯ ಅಕ್ಟೋಬರ್ ಚಾಟಣಿ (ಬಳ್ಳಿ ಸವರುವುದು) ಮುಗಿದು ಇಪ್ಪತ್ತು ದಿನ ಆಗುವಷ್ಟರಲ್ಲಿ ವಿಜಯಪುರ ಜಿಲ್ಲೆಯ ತಿಕೋಟಾ, ಬಾಬಾನಗರ, ಬಿಜ್ಜರಗಿ ಕಡೆಯ ಔಷಧಿ ಅಂಗಡಿಗಳಲ್ಲಿ ಒಂದೇ ಮಾತು: "ಅಣ್ಣಾರ, ಜಿಎ ಎಷ್ಟ ಪಿಪಿಎಂ ಹೊಡೀಲ್ರಿ?" ಜಿಎ ಅಂದರೆ ಗೊನೆ, ಮಣಿ ಹಿಗ್ಗಿಸಲು ಹೊಡೆಯುವ ಜಿಬ್ಬರೆಲಿನ್ ಹಾರ್ಮೋನು; ಪಿಪಿಎಂ ಅಂದರೆ ಹತ್ತು ಲಕ್ಷ ಪಾಲು ನೀರಿಗೆ ಅದರ ಎಷ್ಟು ಪಾಲು ಎಂಬುದು. ಉತ್ತರವೂ ಬಾಯಿಪಾಠ. ಗೊನೆ ಗಿಳಿಹಸಿರು ಬಣ್ಣಕ್ಕೆ ಬಂದಾಗ 10, ಮೂರ್ನಾಲ್ಕು ದಿನ ಬಿಟ್ಟು 15, ಮಣಿ 3–4 ಮಿಲಿಮೀಟರ್ ಆದಾಗ 40ರಲ್ಲಿ ಡಿಪ್ಪಿಂಗ್ (ಗೊನೆ ಅದ್ದುವುದು), 6–7 ಮಿಲಿಮೀಟರ್‌ಗೆ ಇನ್ನೊಂದು. ಒಂದೇ ಡಬ್ಬಿಯ ಪುಡಿ, ಒಂದೇ ಅಳತೆ, ಬದು ಹಂಚಿಕೊಂಡ ಎರಡು ಥಾಮ್ಸನ್ ತಳಿಯ ತೋಟ. ಜನವರಿಯಲ್ಲಿ ನೋಡಿದರೆ ಒಂದರಲ್ಲಿ ಗೊನೆ ಉದ್ದಕ್ಕೆ ಬಿಡಿಸಿಕೊಂಡು ಮಣಿ ತುಂಬಿರುತ್ತದೆ. ಇನ್ನೊಂದರಲ್ಲಿ ತೊಟ್ಟು ಕಡ್ಡಿಯಂತಾಗಿ, ನಡುನಡುವೆ ಸಾಸಿವೆಯಷ್ಟೇ ಉಳಿದ ಮಣಿಗಳು. ಆಗ ಬೈಸಿಕೊಳ್ಳುವುದು ಡಬ್ಬಿ.

ಡಬ್ಬಿಯನ್ನು ಬೈಯುವ ಮೊದಲು ಲೆಕ್ಕವನ್ನೊಮ್ಮೆ ನೋಡಬೇಕು. 90 ಪ್ರತಿಶತದ ಪುಡಿಯಾದರೆ 1 ಗ್ರಾಂ 25 ಲೀಟರ್ ನೀರಿಗೆ ಸರಿಸುಮಾರು 36 ಪಿಪಿಎಂ. ನೀರಿನಲ್ಲಿ ನೇರವಾಗಿ ಕರಗುವ 40 ಪ್ರತಿಶತದ ಹರಳಾದರೆ ಅದೇ 1 ಗ್ರಾಂ, ಅದೇ 25 ಲೀಟರ್‌ಗೆ 16 ಪಿಪಿಎಂ ಮಾತ್ರ. ಲೇಬಲ್ ಓದದೆ "ಒಂದು ಗ್ರಾಂ" ಎಂದೇ ಅಳೆಯುವವರು ಅರ್ಧಕ್ಕಿಂತ ಕಡಿಮೆ ಹಾಕಿ, ಮಾಲು ಖೋಟಾ ಎಂದುಬಿಡುತ್ತಾರೆ. ಆದರೆ ಲೆಕ್ಕ ಸರಿಯಿದ್ದ ತೋಟಗಳಲ್ಲೂ ಫಲ ಬೇರೆಯಾಗುತ್ತದೆ. ಅದರ ಕಾರಣ ಹುಡುಕಬೇಕಾದರೆ ಬಕೆಟ್ ಬಿಟ್ಟು ಜೀವಕೋಶದ ಒಳಗೆ ಹೋಗಬೇಕು. ಜಿಎ ತಾನಾಗಿ ಏನನ್ನೂ ಬೆಳೆಸುವುದಿಲ್ಲ. ಅದನ್ನು ಗುರುತು ಹಿಡಿಯುವ ಪ್ರೋಟೀನ್ ಒಂದಿದೆ, ಆ ಪ್ರೋಟೀನಿನ ಬೆನ್ನಿಗೆ ಇನ್ನೊಂದು. ಬೆಳೆಸುವುದೋ ತಡೆಯುವುದೋ ಎಂಬ ನಿರ್ಧಾರ ಅಲ್ಲಿ ಆಗುತ್ತದೆ. ಪಿಪಿಎಂ ಪ್ರಶ್ನೆ ಆಮೇಲಿನದು.

ಜಿಎ ಹಾಕಿದರೂ ಏಳದ ಭತ್ತ

ಜಿಬ್ಬರೆಲಿನ್ ಕತೆ ಭತ್ತದ ರೋಗದಿಂದ ಶುರುವಾದದ್ದು ಕೃಷಿ ಓದಿದವರಿಗೆಲ್ಲ ಗೊತ್ತು. 1926ರಲ್ಲಿ ಜಪಾನಿನ ಕುರೋಸಾವಾ ಆ ರೋಗ ತರುವ ಶಿಲೀಂಧ್ರದ ರಸದಲ್ಲೇ ಸಸಿಯನ್ನು ಎಳೆದು ಉದ್ದ ಮಾಡುವ ಪದಾರ್ಥವಿದೆ ಎಂದು ತೋರಿಸಿದ. ಆದರೆ ಗಿಡ ಅದನ್ನು ಹೇಗೆ ಗುರುತಿಸುತ್ತದೆ ಎನ್ನುವುದು ತಿಳಿಯಲು ಇನ್ನೂ ಸುಮಾರು ಎಂಬತ್ತು ವರ್ಷ ಬೇಕಾಯಿತು. ಆ ಉತ್ತರವೂ ಜಪಾನಿನ ಭತ್ತದಿಂದಲೇ ಬಂತು.

ಉತ್ತರ ಕೊಟ್ಟದ್ದು ಗಿಡ್ಡ ಸಸಿಗಳು. ಗಿಡ್ಡ ಭತ್ತದಲ್ಲಿ ಎರಡು ಜಾತಿ. ಒಂದಕ್ಕೆ ಜಿಎ ಕೊಟ್ಟರೆ ವಾರದಲ್ಲಿ ಎದ್ದು ನಿಲ್ಲುತ್ತದೆ, ಅಂದರೆ ಅದಕ್ಕೆ ಹಾರ್ಮೋನು ತಯಾರಿಸಲು ಬರುತ್ತಿರಲಿಲ್ಲ. ಇನ್ನೊಂದಕ್ಕೆ ಎಷ್ಟು ಸುರಿದರೂ ಅಗಲ ಎಲೆ, ಕಡುಹಸಿರು ಬಣ್ಣ, ಗೇಣೂ ಇಲ್ಲದ ಎತ್ತರ, ಅಲುಗುವುದೇ ಇಲ್ಲ. ನಾಗೋಯಾ ವಿಶ್ವವಿದ್ಯಾಲಯದ ತಂಡ ಈ ಎರಡನೆಯ ಜಾತಿಯ ಸಸಿಯಲ್ಲಿ ಕೆಟ್ಟಿರುವ ಜೀನನ್ನು ಹಿಡಿದು, 2005ರಲ್ಲಿ ಅದರಿಂದ ತಯಾರಾಗುವ ಪ್ರೋಟೀನೇ ಜಿಬ್ಬರೆಲಿನ್‌ನ ಗ್ರಾಹಿ ಎಂದು ಪ್ರಕಟಿಸಿತು. ಹೆಸರು ಜಿಐಡಿ1. ಅದು ಜೀವಕೋಶದ ಹೊರಪೊರೆಯಲ್ಲಿ ಕೂತಿರಬಹುದೆಂದು ಹುಡುಕಿದವರು ಬಹಳ ಜನ. ಸಿಕ್ಕದ್ದು ಒಳಗೆ, ಕೋಶದ್ರವದಲ್ಲಿ ಮತ್ತು ಕೋಶಕೇಂದ್ರದಲ್ಲಿ. ತೋಟದವನಿಗೆ ಇದು ಮುಖ್ಯವಾದ ಸಂಗತಿ: ಹಾರ್ಮೋನು ಮಣಿಯ ಮೇಲೆ ಅಂಟಿದರೆ ಸಾಲದು, ಮೇಣ ದಾಟಿ, ಗೋಡೆ ದಾಟಿ, ಪೊರೆ ದಾಟಿ ಒಳಗೆ ಹೋಗಬೇಕು.

2008ರಲ್ಲಿ ಎರಡು ತಂಡಗಳು ಈ ಪ್ರೋಟೀನಿನ ಹರಳು ಕಟ್ಟಿ, ಕ್ಷ-ಕಿರಣದಲ್ಲಿ ಅದರ ಆಕಾರ ತೆಗೆದವು. ನೋಡಿದರೆ ಅದು ಕೊಬ್ಬನ್ನು ಒಡೆಯುವ ಲೈಪೇಸ್ ಎಂಬ ಕಿಣ್ವಗಳ ಕುಲದ್ದು. ಒಡೆಯುವ ಕೆಲಸಕ್ಕೆ ಬೇಕಾದ ಮೂರು ಅಮೈನೋ ಆಮ್ಲಗಳಲ್ಲಿ ಹಿಸ್ಟಿಡಿನ್ ಒಂದು ಬದಲಾಗಿ ಹೋಗಿದೆ. ಹಾಗಾಗಿ ಒಡೆಯುವ ಶಕ್ತಿ ಹೋಗಿ, ಹಿಡಿಯುವ ಪೊಟರೆ ಮಾತ್ರ ಉಳಿದಿದೆ. ಜಿಎ ಆ ಪೊಟರೆಗೆ ಇಳಿದಾಗ ಅದರ ಕಾರ್ಬಾಕ್ಸಿಲ್ ತುದಿಯನ್ನು ತಳದ ಸೆರೀನ್‌ಗಳು ಹಿಡಿಯುತ್ತವೆ. ಮೂರನೆಯ ಕಾರ್ಬನ್ನಿನ ಮೇಲಿರುವ ಹೈಡ್ರಾಕ್ಸಿಲ್ ಗುಂಪಿಗೆ 31ನೆಯ ಜಾಗದ ಟೈರೋಸಿನ್ ಹೈಡ್ರೋಜನ್ ಬಂಧ ಕೊಡುತ್ತದೆ. ಈ ಎರಡು ಹಿಡಿತ ಇಲ್ಲದ ಜಿಬ್ಬರೆಲಿನ್‌ಗೆ ಬೆಲೆಯಿಲ್ಲ. ಗಿಡ ಮತ್ತು ಶಿಲೀಂಧ್ರಗಳಲ್ಲಿ ನೂರಕ್ಕೂ ಹೆಚ್ಚು ಜಿಬ್ಬರೆಲಿನ್‌ಗಳು ಸಿಕ್ಕಿದ್ದರೂ ಕೆಲಸ ಮಾಡುವವು ಬೆರಳೆಣಿಕೆಯಷ್ಟು ಇರುವುದು ಇದಕ್ಕೇ.

ಆ ಬೆರಳೆಣಿಕೆಯಲ್ಲೂ ಒಂದು ಸೂಕ್ಷ್ಮವಿದೆ. ಕೆಲಸ ಮುಗಿದ ಜಿಬ್ಬರೆಲಿನ್ ಅನ್ನು ಗಿಡ ಕೆಡಿಸುವುದು ಅದರ ಎರಡನೆಯ ಕಾರ್ಬನ್ನಿಗೆ ಇನ್ನೊಂದು ಹೈಡ್ರಾಕ್ಸಿಲ್ ಜೋಡಿಸಿ. ಆಮೇಲೆ ಅದು ಪೊಟರೆಯಲ್ಲಿ ಕೂರುವುದಿಲ್ಲ. ನಾವು ಕೊಂಡು ತರುವ ಜಿಎ-3ರಲ್ಲಿ ಒಂದು ಮತ್ತು ಎರಡನೆಯ ಕಾರ್ಬನ್ನಿನ ನಡುವೆ ಜೋಡಿ ಬಂಧವಿದೆ, ಅಲ್ಲಿ ಗಿಡದ ಆ ಕಿಣ್ವಕ್ಕೆ ಕೈಹಾಕಲು ಆಗುವುದಿಲ್ಲ. ಗಿಡದ ಸ್ವಂತ ಜಿಎ-4 ಪೊಟರೆಯಲ್ಲಿ ಇದಕ್ಕಿಂತ ಬಿಗಿಯಾಗಿ ಕೂರುತ್ತದೆ, ನಿಜ. ಆದರೆ ಬೇಗ ಕೆಡುತ್ತದೆ. ಜಿಎ-3 ಸಡಿಲವಾಗಿ ಕೂತು ಬಹಳ ಹೊತ್ತು ಉಳಿಯುತ್ತದೆ. ಮಾರುಕಟ್ಟೆಯಲ್ಲಿ ಅದೇ ಗೆದ್ದದ್ದಕ್ಕೆ ಶಿಲೀಂಧ್ರ ಅದನ್ನು ಅಗ್ಗವಾಗಿ ತಯಾರಿಸುತ್ತದೆ ಎನ್ನುವುದರ ಜೊತೆಗೆ ಈ ಕಾರಣವೂ ಇದೆ.

ಬೀಗ-ಕೀಲಿ ಸಾಲದು

ಪಠ್ಯಪುಸ್ತಕಗಳು ಇದನ್ನು ಬೀಗ-ಕೀಲಿ ಎಂದು ಹೇಳಿ ಮುಗಿಸುತ್ತವೆ. ಆ ಹೋಲಿಕೆ ಅರ್ಧ ದಾರಿಗೇ ನಿಲ್ಲುತ್ತದೆ. ಕೀಲಿ ಬೀಗದೊಳಗೆ ಹೋಗಿ ತಿರುಗುತ್ತದೆ, ಬೀಗ ತೆರೆಯುತ್ತದೆ. ಇಲ್ಲಿ ಜಿಎ ಇಳಿದ ಮೇಲೆ ಪೊಟರೆ ಮುಚ್ಚಿಕೊಳ್ಳುತ್ತದೆ. ಜಿಐಡಿ1ರ ಮುಂತುದಿಯಲ್ಲಿ ನೇತಾಡುತ್ತಿದ್ದ ತುಂಡೊಂದು ಮಡಚಿಕೊಂಡು ಮುಚ್ಚಳವಾಗಿ ಮೇಲೆ ಬೀಳುತ್ತದೆ, ಜಿಎ ಹೊರಗಿನಿಂದ ಕಾಣದಂತೆ ಒಳಗೆ ಉಳಿಯುತ್ತದೆ. ಈಗ ಆ ಮುಚ್ಚಳದ ಹೊರಮೈ ಹೊಸ ಮೇಲ್ಮೈ. ಅದಕ್ಕೆ ಬಂದು ಅಂಟುವುದು ಡೆಲ್ಲಾ ಎಂಬ ಎರಡನೆಯ ಪ್ರೋಟೀನ್. ಜಿಎ ಮತ್ತು ಡೆಲ್ಲಾ ಒಂದನ್ನೊಂದು ಮುಟ್ಟುವುದೇ ಇಲ್ಲ.

ಡೆಲ್ಲಾ ಮಾಡುವ ಕೆಲಸ ತಡೆ. ಬೆಳೆಯಬೇಕಾದ ಜೀನುಗಳನ್ನು ಹೊತ್ತಿಸುವ ಪ್ರೋಟೀನುಗಳನ್ನು ಅದು ಹಿಡಿದಿಟ್ಟಿರುತ್ತದೆ. ಜಿಐಡಿ1ಕ್ಕೆ ಅಂಟಿದ ಡೆಲ್ಲಾಗೆ ಯುಬಿಕ್ವಿಟಿನ್ ಎಂಬ ಗುರುತಿನ ಸರಪಣಿ ಬೀಳುತ್ತದೆ, ಪ್ರೋಟಿಯಾಸೋಮ್ ಅದನ್ನು ಪುಡಿ ಮಾಡುತ್ತದೆ. ತಡೆ ಹೋಯಿತು, ಕೋಶ ಉದ್ದವಾಯಿತು. ಜಿಎ ಬೆಳೆಸುವುದು ಅಂದರೆ ಇಷ್ಟೇ: ತಡೆಯುವವನನ್ನು ತೆಗೆಸುವುದು. ತೆಗೆಯಲು ಡೆಲ್ಲಾ ಇಲ್ಲದ ಹೊತ್ತಿನಲ್ಲಿ ಎಷ್ಟು ಜಿಎ ಸುರಿದರೂ ಬೆಳವಣಿಗೆ ಹೆಚ್ಚುವುದಿಲ್ಲ.

40 ಪಿಪಿಎಂ ಅಂದರೆ ಸುಮಾರು 115 ಮೈಕ್ರೋಮೋಲಾರ್. ಪ್ರಯೋಗಾಲಯದಲ್ಲಿ ಭತ್ತದ ಸಸಿ ಪೂರ್ತಿ ಎದ್ದು ನಿಲ್ಲಲು 10 ಮೈಕ್ರೋಮೋಲಾರ್ ಸಾಕಾಗುತ್ತದೆ. ಉಳಿದದ್ದು ಮೇಣ ದಾಟುವಾಗಿನ ಖೋತಾಕ್ಕೆ ಕೊಡುವ ಲೆಕ್ಕ. ಹಾಗಾಗಿ "ಸ್ವಲ್ಪ ಜಾಸ್ತಿ ಹಿಡದ್ರ ಮಣಿ ಇನ್ನಾ ದಪ್ಪ ಆಗತಾವ್ರಿ" ಎಂದು 40ನ್ನು 60 ಮಾಡಿದಾಗ ಗ್ರಾಹಿಗೆ ಹೊಸದಾಗಿ ತಿಳಿಯುವುದು ಏನೂ ಇರುವುದಿಲ್ಲ. ಬದಲಿಗೆ ಗಿಡ ತಿರುಗಿಬೀಳುತ್ತದೆ. ಜಿಎ ಸಂಕೇತ ಜಾಸ್ತಿಯಾದ ಕೂಡಲೇ ಅದು ಸ್ವಂತ ಜಿಎ ತಯಾರಿಕೆ ಇಳಿಸುತ್ತದೆ, ಕೆಡಿಸುವ ಕಿಣ್ವ ಏರಿಸುತ್ತದೆ, ಜಿಐಡಿ1 ತಯಾರಿಯನ್ನೂ ತಗ್ಗಿಸುತ್ತದೆ. 10 ಮತ್ತು 15ರ ನಡುವೆ ದಿನ ಬಿಡುವುದರಲ್ಲಿ ಹುರುಳಿದೆ. ಒಟ್ಟಿಗೆ 25 ಹೊಡೆದರೆ ಅದೇ ಫಲ ಸಿಗದು. ಹೆಚ್ಚಾದ ಜಿಎ ಗೊನೆಯ ತೊಟ್ಟನ್ನು ಬಿರುಸು ಮಾಡಿ ಮಣಿ ಉದುರಿಸುತ್ತದೆ, ಅದು ಬೇರೆ ನಷ್ಟ.

ಹೊತ್ತಿನ ಮಾತೂ ಇಲ್ಲೇ ಬರುತ್ತದೆ. ಬೀಜವಿರುವ ದ್ರಾಕ್ಷಿಯಲ್ಲಿ ಬೀಜವೇ ಮಣಿಗೆ ಜಿಎ ಒದಗಿಸುತ್ತದೆ. ಥಾಮ್ಸನ್, ಸೋನಾಕಾಗಳಲ್ಲಿ ಭ್ರೂಣ ನಡುವೆಯೇ ಸಾಯುವುದರಿಂದ ಆ ಪೂರೈಕೆ ನಿಲ್ಲುತ್ತದೆ, ಡೆಲ್ಲಾ ಉಳಿದುಬಿಡುತ್ತದೆ. ಹೊರಗಿನ ಜಿಎಗೆ ಅವು ಅಷ್ಟು ಚೆನ್ನಾಗಿ ಓಗೊಡುವುದು ಅದಕ್ಕೆ. ಆದರೆ ಕೋಶಗಳು ಇನ್ನೂ ಒಡೆಯುತ್ತ, ಹಿಗ್ಗುತ್ತ ಇರುವ ವಾರಗಳಲ್ಲಿ ಮಾತ್ರ. ಮಣಿ ಮೆತ್ತಗಾಗಿ ಸಕ್ಕರೆ ಏರತೊಡಗಿದ ಮೇಲೆ ಅದ್ದಿದರೆ ಕೂಲಿ ದಂಡ.

ಇನ್ನು ಏಪ್ರಿಲ್ ಚಾಟಣಿ. ಆಗ ಬಳ್ಳಿಯ ಕಣ್ಣಿನೊಳಗೆ ಮುಂದಿನ ಗೊನೆಯ ಮೊಳಕೆ ಕೂರುತ್ತಿರುತ್ತದೆ. ದ್ರಾಕ್ಷಿಯಲ್ಲಿ ಗೊನೆ ಮತ್ತು ನುಲಿಬಳ್ಳಿ ಒಂದೇ ಮೊಳಕೆಯ ಎರಡು ದಾರಿ. ಜಿಎ ಜಾಸ್ತಿಯಾದರೆ ಅದು ನುಲಿಬಳ್ಳಿಯಾಗುತ್ತದೆ. ಇದಕ್ಕೆ ಒಳ್ಳೆಯ ಸಾಕ್ಷಿ ಫ್ರಾನ್ಸಿನ ಪಿನೋ ಮ್ಯೂನಿಯೇ ಎಂಬ ತಳಿ. ಅದರ ಹೊರಪದರದ ಕೋಶಗಳಲ್ಲಿ ಡೆಲ್ಲಾ ಜೀನಿನ ಒಂದೇ ಅಕ್ಷರ ಬದಲಾಗಿ, ಜಿಎ ಮಾತು ಅದಕ್ಕೆ ಕೇಳಿಸದಂತಾಗಿದೆ. ಆ ಪದರದಿಂದ ಬೆಳೆಸಿದ ಗಿಡ್ಡ ಬಳ್ಳಿಯಲ್ಲಿ ನುಲಿಬಳ್ಳಿ ಬರಬೇಕಾದ ಕಡೆಯೆಲ್ಲ ಗೊನೆ. 2002ರಲ್ಲಿ ಇದು ಪ್ರಕಟವಾಯಿತು. ನಮ್ಮಲ್ಲಿ ಏಪ್ರಿಲ್ ಚಾಟಣಿಯ ನಂತರ ಸಿಸಿಸಿ ಎಂಬ ಬೆಳವಣಿಗೆ ತಗ್ಗಿಸುವ ಔಷಧಿ ಹೊಡೆಯುವ ಪದ್ಧತಿ ಇದೇ ತರ್ಕದ್ದು. ಸಿಸಿಸಿ ಗ್ರಾಹಿಯ ತಂಟೆಗೆ ಹೋಗುವುದಿಲ್ಲ. ಜಿಎ ತಯಾರಿಕೆಯ ಮೊದಲ ಮೆಟ್ಟಿಲನ್ನೇ ಮುಚ್ಚುತ್ತದೆ, ಡೆಲ್ಲಾ ತಾನಾಗಿ ಉಳಿಯುತ್ತದೆ. ಆ ತಿಂಗಳುಗಳಲ್ಲಿ "ಚಿಗುರು ಓಡಲಿ" ಎಂದು ಜಿಎ ಬೆರೆತ ಟಾನಿಕ್ ಹೊಡೆಯುವವರು ಮುಂದಿನ ಗೊನೆಗಳನ್ನು ತಾವೇ ಕಳೆದುಕೊಳ್ಳುತ್ತಾರೆ.

(ಹಸಿರು ಕ್ರಾಂತಿಯ ಗಿಡ್ಡ ಗೋದಿಯೂ ಡೆಲ್ಲಾ ಕೆಟ್ಟದ್ದರ ಫಲವೇ. ಎತ್ತರಕ್ಕೆ ಬೆಳೆದು ಗಾಳಿಗೆ ಮಲಗುತ್ತಿದ್ದ ಜವಾರಿ ಗೋದಿಯ ಪಕ್ಕದಲ್ಲಿ ಅದು ನಿಂತೇ ಇತ್ತು. ಅದರಲ್ಲಿ ಡೆಲ್ಲಾ ಪ್ರೋಟೀನಿನ ಮುಂಭಾಗ, ಅಂದರೆ ಜಿಐಡಿ1ಕ್ಕೆ ಅಂಟುವ ಭಾಗ, ಇಲ್ಲ. ಗ್ರಾಹಿ ಇದೆ, ಜಿಎ ಇದೆ, ಆದರೂ ತಡೆ ಹೋಗದು. ಸಿಸಿಸಿ ಹೊಡೆದ ಗಿಡ್ಡತನವನ್ನು ಜಿಎ ಕೊಟ್ಟು ಬಿಡಿಸಬಹುದು. ಈ ಗೋದಿಯ ಗಿಡ್ಡತನವನ್ನು ಬಿಡಿಸಲಾಗದು.)

ಬೋರಿನ ನೀರು

ನನ್ನ ಅಂದಾಜಿನಲ್ಲಿ ವಿಜಯಪುರದ ತೋಟಗಳಲ್ಲಿ ಜಿಎ ಕೈಕೊಡುವುದಕ್ಕೆ ಅತಿ ದೊಡ್ಡ ಕಾರಣ ನೀರು. ಜಿಎ-3 ಒಂದು ಆಮ್ಲ. ಅದರ ಅರ್ಧ ಅಣುಗಳು ಪ್ರೋಟಾನ್ ಕಳೆದುಕೊಂಡು ವಿದ್ಯುದಂಶ ಹೊರುವುದು ಪಿಎಚ್ 4ರಲ್ಲಿ. ವಿದ್ಯುದಂಶ ಹೊತ್ತ ಅಣು ಮೇಣವನ್ನೂ ಪೊರೆಯನ್ನೂ ಸುಲಭಕ್ಕೆ ದಾಟುವುದಿಲ್ಲ, ದಾಟುವುದು ವಿದ್ಯುದಂಶ ಇಲ್ಲದ್ದು. ಪಿಎಚ್ 5.5ರ ನೀರಿನಲ್ಲಿ ಅಂಥದ್ದು ನೂರಕ್ಕೆ ಮೂರು. ಪಿಎಚ್ 8ರ ಬೋರ್ ನೀರಿನಲ್ಲಿ ಹತ್ತು ಸಾವಿರಕ್ಕೆ ಒಂದು. ಬಕೆಟ್ಟಿನಲ್ಲಿ ಎರಡೂ 40 ಪಿಪಿಎಂ, ಬಾಗಿಲಲ್ಲಿ ಮುನ್ನೂರು ಪಟ್ಟು ವ್ಯತ್ಯಾಸ. ಕೋಶದೊಳಗೆ ಪಿಎಚ್ ಏಳರ ಮೇಲಿರುವುದರಿಂದ ಒಳಗೆ ಹೋದದ್ದು ಮತ್ತೆ ವಿದ್ಯುದಂಶ ಪಡೆದು ಅಲ್ಲೇ ಸಿಕ್ಕಿಬೀಳುತ್ತದೆ. ಪೊಟರೆಯ ಸೆರೀನ್‌ಗಳು ಹಿಡಿಯುವುದೂ ಆ ರೂಪವನ್ನೇ.

ಆದ್ದರಿಂದ ಕ್ರಮ ಮುಖ್ಯ. ಮೊದಲು ಪೂರ್ತಿ ನೀರು ಬ್ಯಾರೆಲ್ಲಿಗೆ. ಅದಕ್ಕೆ ಸ್ವಲ್ಪ ಸ್ವಲ್ಪವಾಗಿ ಸಿಟ್ರಿಕ್ ಆಮ್ಲ ಅಥವಾ ಯೂರಿಯಾ ಫಾಸ್ಫೇಟ್ ಹಾಕಿ ಕಲಕಿ, ಪಿಎಚ್ ಕಾಗದದಲ್ಲಿ 5.5ರಿಂದ 6ಕ್ಕೆ ಬಂದದ್ದು ನೋಡಬೇಕು. ಎಷ್ಟು ಗ್ರಾಂ ಎಂದು ಪಕ್ಕದ ತೋಟದವರನ್ನು ಕೇಳಿ ಪ್ರಯೋಜನವಿಲ್ಲ, ಬೋರಿನ ಬೈಕಾರ್ಬೊನೇಟ್ ಒಂದೊಂದು ಕಡೆ ಒಂದೊಂದು. 90 ಪ್ರತಿಶತದ ತಾಂತ್ರಿಕ ಪುಡಿಯನ್ನು ಮೊದಲು ಸ್ವಲ್ಪ ಸ್ಪಿರಿಟ್‌ನಲ್ಲಿ ಕರಗಿಸಿ ಆಮೇಲೆ ಬ್ಯಾರೆಲ್ಲಿಗೆ ಸುರಿಯಬೇಕು; ನೇರ ನೀರಿಗೆ ಹಾಕಿದರೆ ಗಂಟು ಕಟ್ಟಿ ತಳಕ್ಕೆ ಕೂರುತ್ತದೆ. ಕಲಸಿದ್ದನ್ನು ಅದೇ ದಿನ ಮುಗಿಸಬೇಕು, ಕ್ಷಾರದಲ್ಲಿ ಜಿಎ ರೂಪ ಬದಲಿಸಿ ನಿರುಪಯೋಗಿಯಾಗುತ್ತದೆ. ಸುಣ್ಣ ಸೇರಿದ ಬೋರ್ಡೋ ಜೊತೆಗಂತೂ ಬೇಡ. ಹನಿ ಒಣಗಿದ ಮೇಲೆ ಒಳಗೆ ಹೋಗುವುದು ಬಹುಮಟ್ಟಿಗೆ ನಿಂತಂತೆ. ನಮ್ಮ ಕಡೆಯ ಒಣ ಹವೆಯಲ್ಲಿ ಬೆಳಗಿನ ಎಳೆಬಿಸಿಲು ಅಥವಾ ಸಂಜೆ ಬಿಟ್ಟು ನಡುಮಧ್ಯಾಹ್ನ ಡಿಪ್ಪಿಂಗ್ ಮಾಡುವವರು ಅರ್ಧ ಔಷಧಿಯನ್ನು ಸಿಪ್ಪೆಯ ಮೇಲೆ ಒಣಗಿಸುತ್ತಾರೆ.

ಕಬ್ಬಿನ ಕಡೆಯಿಂದ ಬಂದ ಗಾಳಿ

ಅಥಣಿ ಕಡೆ ಕೃಷ್ಣೆಯ ದಂಡೆಗೆ ಕಬ್ಬು, ಮೇಲಿನ ಮಡ್ಡಿಗೆ ದ್ರಾಕ್ಷಿ. ಕಬ್ಬಿನ ಕಳೆಗೆ 2,4-ಡಿ ಹೊಡೆದ ಕೆಲವು ದಿನಗಳಲ್ಲಿ ಗಾಳಿ ಬೀಸಿದ ಕಡೆಯ ದ್ರಾಕ್ಷಿಯಲ್ಲಿ ಹೊಸ ಎಲೆಗಳು ಬೀಸಣಿಗೆಯಂತೆ ಮಡಚಿ, ನರಗಳು ಒತ್ತೊತ್ತಾಗಿ ಬಿಳಚಿ ನಿಲ್ಲುತ್ತವೆ. ಹತ್ತಿಯಲ್ಲೂ ಇದೇ. ಇದನ್ನು ವೈರಸ್ ಎಂದು ತಿಳಿದು ಕೀಟನಾಶಕ ಹೊಡೆಯುವುದುಂಟು. ನೋಡಿ ಬೇರ್ಪಡಿಸುವುದು ಸುಲಭ: ಗಾಳಿಯ ದಿಕ್ಕಿನ ಸಾಲುಗಳಲ್ಲಿ ಜಾಸ್ತಿ, ಒಳಗೆ ಹೋದಂತೆ ಕಡಿಮೆ, ಹಾನಿ ಹೊಸ ಎಲೆಗೆ ಮಾತ್ರ. ಎಸ್ಟರ್ ರೂಪದ 2,4-ಡಿ ಬಿಸಿಲಿಗೆ ಆವಿಯಾಗಿ ದೂರ ಹೋಗುತ್ತದೆ. ಅಮೈನ್ ಲವಣದಲ್ಲಿ ಆವಿಯ ಕಾಟ ಬಹಳ ಕಡಿಮೆ. 2,4-ಡಿ ಹೊಡೆದ ಪಂಪನ್ನು ಬರೀ ನೀರಿನಲ್ಲಿ ತೊಳೆದು ದ್ರಾಕ್ಷಿಗೆ ತರುವುದು ಇನ್ನೊಂದು ದಾರಿ. ಆ ಪಂಪು ಬೇರೆಯೇ ಇರಬೇಕು.

2,4-ಡಿ ಗಿಡಕ್ಕೆ ವಿಷವಾಗುವುದು ಆಕ್ಸಿನ್ ಎಂಬ ಇನ್ನೊಂದು ಬೆಳವಣಿಗೆ ಹಾರ್ಮೋನಿನ ವೇಷದಲ್ಲಿ. ಆಕ್ಸಿನ್‌ನ ಗ್ರಾಹಿ ಟಿಐಆರ್1 ಎಂದು 2005ರಲ್ಲಿ ಎರಡು ತಂಡಗಳು ಒಟ್ಟಿಗೆ ತೋರಿಸಿದವು. 2007ರಲ್ಲಿ ಅದರ ಆಕಾರ ಬಂತು. ಇಲ್ಲಿ ಮುಚ್ಚಳವಿಲ್ಲ. ಪೊಟರೆಯ ತಳದಲ್ಲಿ ಆಕ್ಸಿನ್ ಮಲಗುತ್ತದೆ, ಅದರ ಕಾರ್ಬಾಕ್ಸಿಲ್ ತುದಿಯನ್ನು 403ನೆಯ ಅರ್ಜಿನಿನ್ ಹಿಡಿಯುತ್ತದೆ. ಮೇಲಿನಿಂದ ತಡೆಪ್ರೋಟೀನಿನ ಒಂದು ತುಣುಕು ನೇರವಾಗಿ ಆಕ್ಸಿನ್‌ನ ಮೇಲೆಯೇ ಬಂದು ಕೂರುತ್ತದೆ. ಆಕ್ಸಿನ್ ಇಲ್ಲದಿದ್ದರೆ ಎರಡು ಪ್ರೋಟೀನುಗಳ ನಡುವೆ ಸಂದು. ಅದು ಬಂದು ಸಂದು ತುಂಬಿತು, ಎರಡೂ ಅಂಟಿದವು, ತಡೆಪ್ರೋಟೀನ್ ಪುಡಿಯಾಯಿತು. ಆ ಹರಳಿನಲ್ಲಿ ಯಾರೂ ಹಾಕದ ಒಂದು ಅಣುವೂ ಸಿಕ್ಕಿತು, ಆರು ಫಾಸ್ಫೇಟ್ ಹೊತ್ತ ಇನೋಸಿಟಾಲ್. ಪ್ರೋಟೀನ್ ತಯಾರಿಸಲು ಬಳಸಿದ ಕೀಟದ ಕೋಶಗಳಿಂದ ತಾನಾಗಿ ಬಂದು ಪೊಟರೆಯ ಅಡಿಗೆ ಕೂತಿತ್ತು. ಗಿಡದಲ್ಲೂ ಪೊಟರೆಯ ಆಕಾರ ಹಿಡಿದಿಡುವುದು ಅದೇ ಎಂದು ಈಗ ತಿಳಿಯಲಾಗಿದೆ.

ಈ ಪೊಟರೆ ಆಕಾರದ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಲ್ಲ. ಗಿಡದ ಸ್ವಂತ ಐಎಎ, ಹತ್ತಿಯ ಮೊಗ್ಗು ಉದುರದಂತೆ ಹೊಡೆಯುವ ಎನ್‌ಎಎ, ಕಳೆನಾಶಕ 2,4-ಡಿ ಮೂರೂ ಅಲ್ಲಿ ಕೂರುತ್ತವೆ. 2,4-ಡಿಯ ಹಿಡಿತ ಐಎಎಗಿಂತ ಸಡಿಲ. ಆದರೂ ಕೊಲ್ಲುವುದು ಅದೇ. ಐಎಎ ಹೆಚ್ಚಾದರೆ ಗಿಡ ಅದನ್ನು ಅಮೈನೋ ಆಮ್ಲಕ್ಕೆ ಕಟ್ಟಿಹಾಕಿ ಕೆಡಿಸುತ್ತದೆ. 2,4-ಡಿಯನ್ನು ಹಾಗೆ ತೊಲಗಿಸಲು ಅಗಲ ಎಲೆಯ ಗಿಡಗಳಿಗೆ ಆಗದು, ಸಂಕೇತ ನಿಲ್ಲುವುದೇ ಇಲ್ಲ. ಗ್ರಾಹಿ ಕಬ್ಬಿನಲ್ಲೂ ಇದೆ. ಅದು ಬದುಕುವುದು 2,4-ಡಿಯ ಉಂಗುರಕ್ಕೆ ಹೈಡ್ರಾಕ್ಸಿಲ್ ಸೇರಿಸಿ ಬೇಗ ಕೆಡಿಸುವುದರಿಂದ, ಮತ್ತು ಒಳಗೆ ಹೆಚ್ಚು ಸಾಗಿಸದೆ ಇರುವುದರಿಂದ. ಡಿಪ್ಪಿಂಗ್‌ನಲ್ಲಿ ಜಿಎ ಜೊತೆ ಬೆರೆಸುವ ಸಿಪಿಪಿಯುವಿನದೂ ಹೀಗೆಯೇ. ಕೋಶ ಒಡೆಯಿಸುವ ಹಾರ್ಮೋನಾದ ಸೈಟೊಕೈನಿನ್‌ನ ಹೋಲಿಕೆಯೇ ಇಲ್ಲದ ಯೂರಿಯಾ ಮೂಲದ ಅಣು ಅದು, ಆದರೂ ಸೈಟೊಕೈನಿನ್ ಪೊಟರೆಯಲ್ಲಿ ಕೂರುತ್ತದೆ, ಗಿಡದ ಕಿಣ್ವಕ್ಕೆ ಕೆಡುವುದಿಲ್ಲ. ಹಾಗಾಗಿ 1–2 ಪಿಪಿಎಂ ಸಾಕು, ಅಂದರೆ 0.1 ಪ್ರತಿಶತದ ದ್ರವ ಲೀಟರ್‌ಗೆ 1–2 ಮಿಲಿ. ಜಾಸ್ತಿಯಾದರೆ ಸಿಪ್ಪೆ ದಪ್ಪ, ಸಕ್ಕರೆ ತಡ. ಮಣುಕ (ಒಣದ್ರಾಕ್ಷಿ) ಮಾಡುವವರಿಗೆ ಇದರ ಗೊಡವೆ ಬೇಡ ಎಂದೇ ನನ್ನ ಅಭಿಪ್ರಾಯ. ಸಕ್ಕರೆ ಏರದ ದಪ್ಪ ಮಣಿ ಒಣಗಿದಾಗ ತೂಕ ಕೊಡುವುದಿಲ್ಲ.

ತಿರುವುಮುರುವು

ಬಾಗಲಕೋಟೆಯ ದಾಳಿಂಬೆ ತೋಟಗಳಲ್ಲಿ ಬಹಾರ (ಹೂವಿನ ಹಂಗಾಮು) ಹಿಡಿಯಲು ಎಲೆ ಉದುರಿಸುವ ಎಥ್ರೆಲ್ ಈ ಎಲ್ಲ ತರ್ಕವನ್ನು ತಲೆಕೆಳಗು ಮಾಡುತ್ತದೆ. ಎಥ್ರೆಲ್ ಬಿಡುವುದು ಎಥಿಲೀನ್ ಎಂಬ ಹಾರ್ಮೋನು ಅನಿಲ. ಅದರ ಗ್ರಾಹಿ ಇಟಿಆರ್1 ಕೋಶದೊಳಗಿನ ಪೊರೆಯಲ್ಲಿದೆ. 65ನೆಯ ಸಿಸ್ಟೀನ್‌ನ ಪಕ್ಕ ಹಿಡಿದಿಟ್ಟ ತಾಮ್ರದ ಅಯಾನಿಗೆ ಎಥಿಲೀನ್ ಅಂಟುತ್ತದೆ. ಇಷ್ಟು ಚಿಕ್ಕ ಅನಿಲವನ್ನು ಪ್ರೋಟೀನ್ ಒಂದೇ ಹಿಡಿಯಲಾರದು, ಲೋಹ ಬೇಕು. ವಿಚಿತ್ರ ಏನೆಂದರೆ, ಎಥಿಲೀನ್ ಇಲ್ಲದಾಗ ಈ ಗ್ರಾಹಿ ದುಡಿಯುತ್ತಿರುತ್ತದೆ, "ಉದುರಬೇಡ, ಹಣ್ಣಾಗಬೇಡ" ಎನ್ನುತ್ತಿರುತ್ತದೆ. ಎಥಿಲೀನ್ ಬಂದಾಗ ಸುಮ್ಮನಾಗುತ್ತದೆ. ಆ ಸಿಸ್ಟೀನ್ ಕೆಟ್ಟ ಗಿಡ ಎಥಿಲೀನ್‌ಗೆ ಕಿವುಡು, ಒಂದೇ ಪ್ರತಿ ಕೆಟ್ಟರೂ ಸಾಕು.

ಎಥ್ರೆಲ್ ಡಬ್ಬಿಯೊಳಗೆ ಕಡು ಆಮ್ಲದಲ್ಲಿ ಭದ್ರ, ಪಿಎಚ್ ನಾಲ್ಕೈದು ದಾಟಿದರೆ ಒಡೆದು ಎಥಿಲೀನ್ ಬಿಡುತ್ತದೆ. ಎಲೆಯೊಳಗೆ ಹೋಗಿ ಒಡೆಯಬೇಕಾದದ್ದು ಅದು. ಲೀಟರ್‌ಗೆ ಒಂದೆರಡು ಮಿಲಿ ಎಥ್ರೆಲ್ ಜೊತೆಗೆ 5 ಗ್ರಾಂ ಡಿಎಪಿ ಬೆರೆಸುವುದು ರೂಢಿ, ಆದರೆ ಡಿಎಪಿ ದ್ರಾವಣ ಕ್ಷಾರದ ಕಡೆಗಿದೆ. ಬೆರೆಸಿದ ಗಳಿಗೆಯಿಂದಲೇ ಅನಿಲ ಹೊರಡಲು ಶುರು. ಟ್ಯಾಂಕಿನಲ್ಲಿ ಕಲಸಿಟ್ಟು ಕರೆಂಟಿಗಾಗಿ ಕಾಯುತ್ತ ಕೂತರೆ ಎಲೆ ಉದುರುವುದು ಅಲ್ಲೊಂದು ಇಲ್ಲೊಂದು.

ಡೌನಿ ಔಷಧಿಗೆ ಓಗೊಟ್ಟ ಗಿಡ

ಬರದ ಹಾರ್ಮೋನು ಅಬ್ಸಿಸಿಕ್ ಆಮ್ಲದ ಗ್ರಾಹಿಗಳು ಸಿಕ್ಕದ್ದು 2009ರಲ್ಲಿ. ನೀರು ಕಡಿಮೆಯಾದಾಗ ಪತ್ರರಂಧ್ರ ಮುಚ್ಚಿಸುವುದು ಇವುಗಳ ಮೂಲಕ. ಪೊಟರೆಯ ಬಾಯಲ್ಲಿ ಎರಡು ಕುಣಿಕೆಗಳು, ಹಾರ್ಮೋನು ಇಳಿದಾಗ ಮುಚ್ಚಿ, ಮುಚ್ಚಿದ ಮೇಲ್ಮೈಗೆ ಒಂದು ಫಾಸ್ಫಟೇಸ್ ಸಿಕ್ಕಿಬೀಳುತ್ತದೆ. ಜಿಐಡಿ1ಕ್ಕೆ ದೂರದ ಸಂಬಂಧವೂ ಇಲ್ಲದ ಪ್ರೋಟೀನ್, ಉಪಾಯ ಅದೇ.

2015ರಲ್ಲಿ ಕ್ಯಾಲಿಫೋರ್ನಿಯಾದ ಕಟ್ಲರ್ ತಂಡ ಈ ಪೊಟರೆಯ ಆರು ಅಮೈನೋ ಆಮ್ಲಗಳನ್ನು ಬದಲಿಸಿ, ಅದು ಮ್ಯಾಂಡಿಪ್ರೊಪಮಿಡ್‌ಗೆ ಓಗೊಡುವಂತೆ ಮಾಡಿತು. ದ್ರಾಕ್ಷಿಯವರಿಗೆ ಪರಿಚಯದ ಹೆಸರು, ಡೌನಿ ಎಂಬ ಬೂಜು ರೋಗಕ್ಕೆ ಹೊಡೆಯುವ ಔಷಧಿ. ಬದಲಿಸಿದ ಟೊಮೆಟೊ ಗಿಡಕ್ಕೆ ಅದನ್ನು ಹೊಡೆದರೆ ಪತ್ರರಂಧ್ರ ಮುಚ್ಚಿ ನೀರು ಉಳಿಯಿತು. ಅಬ್ಸಿಸಿಕ್ ಆಮ್ಲ ದುಬಾರಿ, ಬಿಸಿಲಿಗೆ ಬೇಗ ಕೆಡುತ್ತದೆ. ಆಗಲೇ ಪರವಾನಗಿ ಇರುವ ಔಷಧಿಯನ್ನು ಬರಕ್ಕೆ ಬಳಸುವ ಆಲೋಚನೆ ಜಾಣತನದ್ದೇ. ಆದರೆ ವಿಜಯಪುರದ ದ್ರಾಕ್ಷಿಗೆ ಅದನ್ನು ಹೊಂದಿಸಿ ನೋಡಿದರೆ ತೊಡಕು ಕಾಣುತ್ತದೆ. ಡೌನಿ ಬರುವುದು ಅಕ್ಟೋಬರ್-ನವೆಂಬರ್‌ನಲ್ಲಿ ಮಳೆ ಹಿಡಿದಾಗ, ಎಲೆ ದುಡಿದು ಗೊನೆಗೆ ಸಕ್ಕರೆ ಕಟ್ಟಬೇಕಾದ ಹೊತ್ತಿನಲ್ಲಿ. ಆಗ ಹೊಡೆದ ಔಷಧಿಯೇ ರಂಧ್ರ ಮುಚ್ಚಿದರೆ ಬೆಳೆ ಹಸಿಯುತ್ತದೆ. ನೀರು ಉಳಿಸಬೇಕಾದದ್ದು ಏಪ್ರಿಲ್-ಮೇ ತಿಂಗಳಲ್ಲಿ, ಬೋರು ಬತ್ತಿದಾಗ, ಡೌನಿಯ ಸುಳಿವೇ ಇಲ್ಲದಾಗ. ನಮಗೆ ಬೇಕಾದರೆ ಡೌನಿಯ ಔಷಧಿ ಬಿಟ್ಟು, ದ್ರಾಕ್ಷಿ ತೋಟದಲ್ಲಿ ಬೇರೆ ಯಾವ ಕೆಲಸಕ್ಕೂ ಬಾರದ ಇನ್ನೊಂದು ಅಣುವಿಗೆ ಆ ಪೊಟರೆಯನ್ನು ಕೊರೆಯಬೇಕಾಗುತ್ತದೆ.